ಆ ತುದಿಯಲ್ಲಿ ಯಾರು?

ಏಪ್ರಿಲ್, ಮೇ ತಿಂಗಳ ಸಂಜೆ ಚಾರ್ಮಾಡಿ ಕಡೆಯಿಂದ ಗುಡುಗು ಕೇಳಿಸಿತೆಂದರೆ ಬೆಳ್ತಂಗಡಿ ತಾಲೂಕಿನ ಮನೆಗಳಲ್ಲಿ ಮೊದಲು ಆಗುವ ಕೆಲಸ ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ ಕಳಚುವುದು. ತಾಮ್ರದ ಟೆಲಿಫೋನ್ ತಂತಿಯ ಕಾಲದಿಂದ ಉಳಿದ ಅಭ್ಯಾಸ ಇದು. ಆಗ ಸಿಡಿಲು ಎಲ್ಲೋ ದೂರದ ಕಂಬಕ್ಕೆ ಬಡಿದರೂ ತಂತಿಗುಂಟ ಮನೆಯೊಳಗೆ ಬಂದು ಮೋಡೆಮ್ ಸುಟ್ಟುಹಾಕುತ್ತಿತ್ತು. ಈಗ ಮನೆಗೆ ಬರುತ್ತಿರುವುದು ಗಾಜಿನ ಎಳೆ. ಗಾಜಿನಲ್ಲಿ ಕರೆಂಟು ಹರಿಯದು. ಆದರೂ ಆ ಎಳೆಯನ್ನು ತೋಟದ ಮೇಲೆ ಎಳೆದು ಕಟ್ಟಲು ಅದರ ಜೊತೆಗೊಂದು ಉಕ್ಕಿನ ತಂತಿ ಇರುತ್ತದೆ, ಗೋಡೆಯಲ್ಲಿ ಅಡಾಪ್ಟರ್ ಇರುತ್ತದೆ. ಹಾಗಾಗಿ ಪ್ಲಗ್ ಕಳಚುವವರನ್ನು ನೋಡಿ ನಗುವುದು ಬೇಡ.

ಮಳೆ ಹೋದ ಮೇಲೆ ಮತ್ತೆ ಪ್ಲಗ್ ಹಾಕುತ್ತೇವೆ. ‘ಪವರ್’ ದೀಪ ಕೂಡಲೇ ಹತ್ತುತ್ತದೆ. ‘ಪಾನ್’ ಎಂದು ಬರೆದ ದೀಪ ಮಾತ್ರ ಮಿನುಗುತ್ತ ಸತಾಯಿಸಿ, ಕೊನೆಗೊಮ್ಮೆ ನಿಂತು ಉರಿಯುತ್ತದೆ. ದೂರು ಹೇಳಲು ಫೋನ್ ಮಾಡಿದರೆ ಆ ಕಡೆಯವರು ಮೊದಲು ಕೇಳುವುದೂ ಅದನ್ನೇ: “ಪಾನ್ ಲೈಟ್ ಬ್ಲಿಂಕ್ ಆಗ್ತಾ ಉಂಟಾ?”

ಮಿನುಗುವ ಆ ಹೊತ್ತಿನಲ್ಲಿ ಏನು ನಡೆಯುತ್ತಿರುತ್ತದೆ? ನಾವು ಏನನ್ನೂ ಟೈಪ್ ಮಾಡಿಲ್ಲ, ಯಾರಿಗೂ ಹೇಳಿಲ್ಲ. ಹತ್ತು ಕಿಲೋಮೀಟರ್ ಆಚೆಯ ಎಕ್ಸ್‌ಚೇಂಜಿಗೆ ಈ ಪೆಟ್ಟಿಗೆ ಎದ್ದು ಕೂತದ್ದು ಹೇಗೆ ತಿಳಿಯಿತು? ಇದು ನಮ್ಮ ಮನೆಯದ್ದೇ, ಪಕ್ಕದ ಮನೆಯದ್ದಲ್ಲ ಎಂದು ಹೇಗೆ ಗೊತ್ತಾಯಿತು? ಇಷ್ಟು ವೇಗ ಕೊಡಬೇಕು, ಫೋನ್ ಸಂಪರ್ಕವೂ ಇದೆ ಎಂಬ ಸೆಟ್ಟಿಂಗುಗಳೆಲ್ಲ ಎಲ್ಲಿಂದ ಬಂದವು?

ಗಾಜು ಕವಲೊಡೆಯುವ ಜಾಗ

ಎಕ್ಸ್‌ಚೇಂಜಿನಿಂದ ಪ್ರತಿ ಮನೆಗೂ ಒಂದೊಂದು ಬೇರೆ ಎಳೆ ಹೊರಡುವುದಿಲ್ಲ. ಒಂದೇ ಎಳೆ ಹೊರಟು, ದಾರಿಯ ಯಾವುದೋ ಕಂಬದ ಮೇಲಿನ ಸಣ್ಣ ಡಬ್ಬಿಯಲ್ಲಿ 32 ಅಥವಾ 64 ಕವಲಾಗುತ್ತದೆ. ಈ ಡಬ್ಬಿಗೆ ಸ್ಪ್ಲಿಟರ್ ಎನ್ನುತ್ತಾರೆ. ಅದರೊಳಗೆ ಬೆಳಕನ್ನು ಹಂಚುವ ಗಾಜು ಬಿಟ್ಟರೆ ಬೇರೇನೂ ಇಲ್ಲ. ವಿದ್ಯುತ್ ಬೇಡ, ಬ್ಯಾಟರಿ ಬೇಡ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿಗೆ ಇದಕ್ಕಿಂತ ಹೊಂದುವ ಏರ್ಪಾಡು ಸಿಗಲಿಕ್ಕಿಲ್ಲ.

ಈ ಕವಲಿಗೆ ಒಂದು ವಿಚಿತ್ರ ಗುಣವಿದೆ. ಎಕ್ಸ್‌ಚೇಂಜ್ ಹೇಳಿದ್ದು ಅಷ್ಟೂ ಮನೆಗಳಿಗೆ ಕೇಳಿಸುತ್ತದೆ. ನಿಮಗೆ ಬರುವ ವಿಡಿಯೊದ ಬೆಳಕು ಪಕ್ಕದ ಮನೆಯ ಪೆಟ್ಟಿಗೆಗೂ ತಲುಪುತ್ತದೆ. ಅದು ಬಿಚ್ಚಲಾಗದಂತೆ ಗುಪ್ತಲಿಪಿಯಲ್ಲಿರುವುದರಿಂದ ಮಾತ್ರ ನಾವು ನಿಶ್ಚಿಂತರು. ಆ ಬೀಗದ ಕೀಲಿಯನ್ನು ನಿಮ್ಮ ಪೆಟ್ಟಿಗೆಯೇ ಹುಟ್ಟಿಸಿ ಮೇಲಕ್ಕೆ ಕಳಿಸುತ್ತದೆ. ಹಾಗೆ ಕಳಿಸಲು ಅಂಜಿಕೆಯಿಲ್ಲ, ಏಕೆಂದರೆ ಮನೆಯಿಂದ ಮೇಲಕ್ಕೆ ಹೋಗುವ ಬೆಳಕು ಸ್ಪ್ಲಿಟರ್ ದಾಟಿ ಎಕ್ಸ್‌ಚೇಂಜಿಗೆ ಹೋಗುತ್ತದೆಯೇ ಹೊರತು ಪಕ್ಕದ ಮನೆಗೆ ಇಳಿಯುವುದಿಲ್ಲ.

ಅಂದರೆ, ಒಂದೇ ಎಳೆಗೆ ನೇತುಬಿದ್ದ ನೆರೆಹೊರೆಯ ಪೆಟ್ಟಿಗೆಗಳಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ‘ಅವನು ಮಾತಾಡುತ್ತಿದ್ದಾನೆ, ನಾನು ಸುಮ್ಮನಿರುತ್ತೇನೆ’ ಎಂಬ ಸೌಜನ್ಯಕ್ಕೂ ಅವಕಾಶವಿಲ್ಲ. ಇಬ್ಬರೂ ಒಟ್ಟಿಗೆ ಬೆಳಕು ಬಿಟ್ಟರೆ ಎಕ್ಸ್‌ಚೇಂಜಿಗೆ ಎರಡೂ ಅರ್ಥವಾಗದು. ಯಾರು ಯಾವಾಗ ಮಾತಾಡಬೇಕೆಂದು ಮೇಲಿನವರೇ ಹೇಳಬೇಕು. ಹೊಸಬನ ಕಷ್ಟ ಇಲ್ಲಿದೆ: ಅವನು ಇದ್ದಾನೆಂದೇ ಮೇಲಿನವರಿಗೆ ಗೊತ್ತಿಲ್ಲ, ಸರದಿ ಸಿಗುವವರೆಗೆ ಬಾಯಿ ತೆರೆಯುವಂತಿಲ್ಲ, ಬಾಯಿ ತೆರೆಯದೆ ಸರದಿ ಸಿಗದು.

ಬಿ.ಸಿ.ರೋಡಿನ ‘ಟೈಮ್’

ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದವರಿಗೆ ಇದರ ಪರಿಹಾರ ಅರ್ಧ ಗೊತ್ತಿದೆ. ಬೆಳ್ತಂಗಡಿಯಿಂದ ಪುಂಜಾಲಕಟ್ಟೆ ದಾಟಿ, ಮೂಡುಬಿದಿರೆಯಿಂದ ಸಿದ್ದಕಟ್ಟೆ ದಾಟಿ, ವಿಟ್ಲದಿಂದ ಕಲ್ಲಡ್ಕ ದಾಟಿ ಬರುವ ಬಸ್ಸುಗಳು ಅಲ್ಲಿ ಸೇರುತ್ತವೆ. ದಕ್ಷಿಣ ಕನ್ನಡದ ಖಾಸಗಿ ಬಸ್ಸುಗಳಿಗೆ ಒಂದೊಂದಕ್ಕೂ ನಿಮಿಷದ ಲೆಕ್ಕದಲ್ಲಿ ‘ಟೈಮ್’ ಇರುತ್ತದೆ. ಒಬ್ಬನ ಟೈಮಿನಲ್ಲಿ ಇನ್ನೊಬ್ಬ ನುಗ್ಗಿದರೆ ಟೈಮ್ ಕೀಪರನ ಎದುರು ಕಂಡಕ್ಟರುಗಳ ಜಗಳ ಖಂಡಿತ. ಬೆಳ್ತಂಗಡಿಯ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನು ಬೆಳ್ತಂಗಡಿಯ ಗಡಿಯಾರ ನೋಡಿ ತೀರ್ಮಾನಿಸುವುದಿಲ್ಲ, ಬಿ.ಸಿ.ರೋಡಿಗೆ ತಲುಪಬೇಕಾದ ನಿಮಿಷದಿಂದ ಹಿಂದಕ್ಕೆ ಎಣಿಸುತ್ತಾರೆ. ದೂರದವನು ಬೇಗ ಹೊರಡಬೇಕು, ಹತ್ತಿರದವನು ಕಾದು ಹೊರಡಬೇಕು.

ಗಾಜಿನ ಎಳೆಯಲ್ಲೂ ಇದೇ ಲೆಕ್ಕ. ಗಾಜಿನೊಳಗೆ ಬೆಳಕು ಒಂದು ಕಿಲೋಮೀಟರ್ ಸಾಗಲು ಸುಮಾರು 5 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಐದು ಪಾಲು. ಎಕ್ಸ್‌ಚೇಂಜಿನಿಂದ ಒಂದು ಕಿಲೋಮೀಟರ್ ದೂರದ ಮನೆಗೆ ಹೋಗಿ ಬರಲು 10 ಮೈಕ್ರೊಸೆಕೆಂಡ್, ಒಂಬತ್ತು ಕಿಲೋಮೀಟರ್ ದೂರದ ಮನೆಗೆ 90. ವ್ಯತ್ಯಾಸ 80 ಮೈಕ್ರೊಸೆಕೆಂಡ್. ಇದೇನು ಮಹಾ ಎನ್ನಬೇಡಿ. ನಮ್ಮ ಮನೆಗಳಲ್ಲಿರುವ ಜಿ-ಪಾನ್ ಎಂಬ ವ್ಯವಸ್ಥೆಯಲ್ಲಿ ಮೇಲ್ಮುಖ ವೇಗ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್. ಅಷ್ಟು ಹೊತ್ತಿನಲ್ಲಿ ಒಂದು ಲಕ್ಷ ಬಿಟ್ ಹೋಗಿಬಿಡುತ್ತವೆ. ಒಂದು ಮನೆಯ ಮಾತು ಮುಗಿದು ಮುಂದಿನ ಮನೆಯದ್ದು ಶುರುವಾಗುವ ನಡುವೆ ಬಿಡುವ ಅಂತರವೋ, 32 ಬಿಟ್ ಮಾತ್ರ. ಆ ಅವಧಿಯಲ್ಲಿ ಬೆಳಕು ಗಾಜಿನಲ್ಲಿ ಐದು ಮೀಟರು ಹೋದರೆ ಹೆಚ್ಚು. ಆದ್ದರಿಂದ ಎಕ್ಸ್‌ಚೇಂಜ್ ಪ್ರತಿ ಪೆಟ್ಟಿಗೆಗೂ ‘ನನ್ನ ಕರೆ ಬಂದ ಮೇಲೆ ಇಷ್ಟು ಕಾದು ಮಾತಾಡು’ ಎಂದು ಒಂದು ತಡೆಗಾಲ ಕೊಡುತ್ತದೆ. ಹತ್ತಿರದವರಿಗೆ ದೊಡ್ಡ ತಡೆಗಾಲ, ದೂರದವರಿಗೆ ಸಣ್ಣದು. ಎಲ್ಲರೂ ಒಂದೇ ದೂರದಲ್ಲಿದ್ದಾರೋ ಎಂಬಂತೆ ಲೆಕ್ಕ ಸರಿಹೋಗುತ್ತದೆ.

ಹೊಸ ಬಸ್ಸೊಂದು ಬಂತು, ಅದು ಎಲ್ಲಿಂದ ಹೊರಡುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದೇ ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಟೈಮ್ ಕೀಪರನಿಗೆ ಉಳಿದ ದಾರಿ ಒಂದೇ: ಸ್ವಲ್ಪ ಹೊತ್ತು ಉಳಿದೆಲ್ಲ ಬಸ್ಸುಗಳನ್ನು ತಡೆದು, ರಸ್ತೆ ಖಾಲಿ ಮಾಡಿ, ‘ಟೈಮ್ ಸಿಗದವರು ಯಾರಿದ್ದರೂ ಈಗ ಹೊರಟು ಬನ್ನಿ’ ಎಂದು ಕೂಗಿ, ಬಂದು ಮುಟ್ಟಿದ ನಿಮಿಷ ಬರೆದುಕೊಳ್ಳುವುದು. ನಿಜವಾದ ಬಿ.ಸಿ.ರೋಡಿನಲ್ಲಿ ಹೀಗೆ ಮಾಡಿದರೆ ಟೈಮ್ ಕೀಪರನ ಗತಿ ಏನಾದೀತೋ! ಎಕ್ಸ್‌ಚೇಂಜ್ ಮಾಡುವುದು ಮಾತ್ರ ಇದನ್ನೇ. ಆಗೊಮ್ಮೆ ಈಗೊಮ್ಮೆ ಅದು ಯಾರಿಗೂ ಸರದಿ ಕೊಡದೆ ಒಂದು ಮೌನಾವಧಿ ತೆರೆಯುತ್ತದೆ. 20 ಕಿಲೋಮೀಟರ್ ವ್ಯಾಪ್ತಿಗೆ ಸುಮಾರು 250 ಮೈಕ್ರೊಸೆಕೆಂಡ್ ಸಾಕು; ಸಿನಿಮಾ ನೋಡುತ್ತಿರುವ ಮನೆಗಳಿಗೆ ಅದು ಗೊತ್ತೂ ಆಗುವುದಿಲ್ಲ. ‘ಹೊಸಬರು ಕ್ರಮಸಂಖ್ಯೆ ಹೇಳಿ’ ಎಂಬ ಕರೆ ಎಲ್ಲರಿಗೂ ಹೋಗುತ್ತದೆ. ಸರದಿ ಇಲ್ಲದ ಪೆಟ್ಟಿಗೆ ಮಾತ್ರ ಉತ್ತರಿಸುತ್ತದೆ. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳೂ ಅವುಗಳ ಮುಂದೆ ಎಂಟು ಅಂಕಿ ಅಕ್ಷರಗಳೂ ಇರುತ್ತವಲ್ಲ, ಅದೇ ಆ ಕ್ರಮಸಂಖ್ಯೆ. ಫೈಬರ್ ಜೋಡಿಸಲು ಬಂದ ಹುಡುಗ ಫೋಟೊ ತೆಗೆದು ಎಕ್ಸ್‌ಚೇಂಜಿಗೆ ವಾಟ್ಸಾಪ್ ಮಾಡುವುದು ಇದನ್ನೇ. ಪಟ್ಟಿಯಲ್ಲಿ ಈ ಸಂಖ್ಯೆ ಇದ್ದರೆ ಎಕ್ಸ್‌ಚೇಂಜ್ ಪೆಟ್ಟಿಗೆಗೊಂದು ಸಣ್ಣ ನಂಬರು ಕೊಟ್ಟು, ಇನ್ನೊಮ್ಮೆ ಮೌನಾವಧಿ ತೆರೆದು, ಅದೊಂದನ್ನೇ ಮಾತಾಡಿಸಿ, ದೂರ ಅಳೆದು, ತಡೆಗಾಲ ತಿಳಿಸುತ್ತದೆ.

ಮೆಸ್ಕಾಂ ಕರೆಂಟು ಬಂದಾಗ ಇಡೀ ಊರಿನ ಪೆಟ್ಟಿಗೆಗಳು ಒಟ್ಟಿಗೇ ಎದ್ದು ಕೂರುತ್ತವೆ. ಎಲ್ಲರೂ ಆ ಮೌನಾವಧಿಯಲ್ಲಿ ಒಮ್ಮೆಲೇ ಕೂಗಿದರೆ? ಅದಕ್ಕೇ ಪ್ರತಿ ಪೆಟ್ಟಿಗೆಯೂ ಉತ್ತರಿಸುವ ಮುನ್ನ ತನಗೆ ತೋಚಿದಷ್ಟು, ಹೆಚ್ಚೆಂದರೆ 48 ಮೈಕ್ರೊಸೆಕೆಂಡ್, ಕಾಯುತ್ತದೆ. ಆದರೂ ಇಬ್ಬರ ಮಾತು ಬೆರೆತರೆ ಮುಂದಿನ ಮೌನಾವಧಿಯಲ್ಲಿ ಮತ್ತೆ ಪ್ರಯತ್ನ.

ತಡೆಗಾಲ ಕೊಟ್ಟಲ್ಲಿಗೆ ಮುಗಿಯಲಿಲ್ಲ. ಕಂಬದ ಮೇಲೆ ಬಿಸಿಲಿಗೆ ಕಾದ ಗಾಜಿನಲ್ಲಿ ಬೆಳಕು ಅತ್ಯಲ್ಪ ನಿಧಾನವಾಗುತ್ತದೆ, ರಾತ್ರಿ ತಂಪಾದಾಗ ಮತ್ತೆ ಚುರುಕಾಗುತ್ತದೆ. ಎಕ್ಸ್‌ಚೇಂಜ್ ಪ್ರತಿ ಮಾತು ಬಂದು ಮುಟ್ಟುವ ಕ್ಷಣವನ್ನು ಗಮನಿಸುತ್ತ, ತಡೆಗಾಲವನ್ನು ಸಣ್ಣಸಣ್ಣದಾಗಿ ತಿದ್ದುತ್ತಲೇ ಇರುತ್ತದೆ.

ಸೆಟ್ಟಿಂಗ್ ಇಳಿದು ಬರುವುದು

ಪಾನ್ ದೀಪ ನಿಂತಿತು. ಪೆಟ್ಟಿಗೆಗೆ ಸರದಿ ಸಿಕ್ಕಿತು, ಆದರೆ ಆ ಸರದಿಯಲ್ಲಿ ಏನು ಮಾಡಬೇಕೆಂದು ಇನ್ನೂ ತಿಳಿದಿಲ್ಲ. ಈಗ ಎಕ್ಸ್‌ಚೇಂಜ್ ‘ನಿನ್ನ ಬಳಿ ಏನೇನಿದೆ’ ಎಂದು ವಿಚಾರಿಸುತ್ತದೆ. ಇಷ್ಟು ಕೇಬಲ್ ತೂತು, ಫೋನಿನ ತೂತು ಒಂದು, ಒಳಗಿನ ಸಾಫ್ಟ್‌ವೇರ್ ಇಂಥದ್ದು ಎಂದು ಪೆಟ್ಟಿಗೆ ತನ್ನ ವಿವರ ಒಪ್ಪಿಸುತ್ತದೆ. ಅದಕ್ಕೆ ತಕ್ಕಂತೆ ಸೆಟ್ಟಿಂಗುಗಳು ಮೇಲಿನಿಂದ ಇಳಿಯುತ್ತವೆ.

ಇಬ್ಬರ ಬಳಿಯೂ ಒಂದೊಂದು ಎಣಿಕೆ ಇರುತ್ತದೆ. ಸೆಟ್ಟಿಂಗ್ ಬದಲಾದಾಗಲೆಲ್ಲ ಎರಡೂ ಕಡೆ ಎಣಿಕೆ ಒಂದು ಏರುತ್ತದೆ. ಎಕ್ಸ್‌ಚೇಂಜ್ ಕೇಳಿದಾಗ ಎರಡೂ ತಾಳೆಯಾದರೆ ಸರಿ. ಆಗದಿದ್ದರೆ ಪೆಟ್ಟಿಗೆ ಏನನ್ನೋ ಮರೆತಿದೆ ಎಂದರ್ಥ. ಆಗ ಯಾರದ್ದು ಸರಿ ಎಂಬ ವಾದವೇ ಇಲ್ಲ. ಎಕ್ಸ್‌ಚೇಂಜಿನದ್ದೇ ಸರಿ, ಎಲ್ಲವನ್ನೂ ಹೊಸದಾಗಿ ಕಳಿಸುವುದು. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ತದ್ವಿರುದ್ಧವಾದದ್ದೊಂದು ಮುಂದೆ ಬರಲಿದೆ.

ಗ್ರಾಮ ಪಂಚಾಯತಿ ಕಚೇರಿಯ ಮೂಲೆಯಲ್ಲೂ ಇಂಥದ್ದೇ ಪೆಟ್ಟಿಗೆ ಇರುತ್ತದೆ. 2011ರಲ್ಲಿ ಕೇಂದ್ರ ಸರಕಾರ ಒಪ್ಪಿ, ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸಲು ಹೊರಟಾಗ ಆರಿಸಿಕೊಂಡದ್ದು ಈ ಜಿ-ಪಾನ್ ಅನ್ನೇ. ಸಿ-ಡಾಟ್ ಸಂಸ್ಥೆ ದೇಶದೊಳಗೇ ರೂಪಿಸಿದ ಉಪಕರಣಗಳೂ ಅದರಲ್ಲಿ ಬಳಕೆಯಾದವು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ತನ್ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಕೂರಿಸಿದ ಸಂಸ್ಥೆ ಅದು.

ಈಗ ಫೋನಿನ ಸರದಿ

ಪೆಟ್ಟಿಗೆ ಸಿದ್ಧವಾಯಿತು. ಕೈಯಲ್ಲಿರುವ ಮೊಬೈಲಿಗೂ ಅದೇ ಪ್ರಶ್ನೆ: ಸುತ್ತ ಯಾರಿದ್ದಾರೆ, ನಾನು ಯಾರು? ಮೊದಲರ್ಧಕ್ಕೆ ಉತ್ತರ ಸುಲಭ. ವೈಫೈ ಪೆಟ್ಟಿಗೆ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರು ಸಾರುತ್ತಲೇ ಇರುತ್ತದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಎರಡನೆಯ ಅರ್ಧ. ಮೊಬೈಲಿಗೆ ವಿಳಾಸ ಇಲ್ಲ, ವಿಳಾಸ ಕೊಡುವವರು ಯಾರೆಂದೂ ತಿಳಿಯದು. ಹಾಗಾಗಿ ಎಲ್ಲರಿಗೂ ಕೇಳುವಂತೆ ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎನ್ನುತ್ತದೆ. ‘ನಾನಿದ್ದೇನೆ, ಇದು ಆಗಬಹುದೇ’ ಎಂದು ಉತ್ತರ. ‘ಆಗಬಹುದು, ಅದನ್ನೇ ಕೊಡಿ.’ ‘ಕೊಟ್ಟಿದ್ದೇನೆ, ಇಷ್ಟು ಗಂಟೆಯ ಗೇಣಿಗೆ.’ ನಾಲ್ಕೇ ಮಾತು. ವಿಳಾಸದ ಜೊತೆಗೇ ಹೊರಗೆ ಹೋಗುವ ಬಾಗಿಲು ಯಾವುದು, ಹೆಸರು ಹುಡುಕಿಕೊಡುವವರು ಯಾರು ಎಂಬುದೂ ಬಂದುಬಿಡುತ್ತದೆ. ಡಿಎಚ್‌ಸಿಪಿ ಎಂಬ ಈ ಒಪ್ಪಂದ ಮೊದಲು ಪ್ರಕಟವಾದದ್ದು 1993ರಲ್ಲಿ. ಗೇಣಿಯ ಅರ್ಧ ಅವಧಿ ಕಳೆದಾಗ ಮೊಬೈಲು ನಮ್ಮನ್ನು ಕೇಳದೆಯೇ ಅದನ್ನು ನವೀಕರಿಸಿಕೊಳ್ಳುತ್ತದೆ. ಯಾರೂ ಉತ್ತರಿಸದಿದ್ದರೆ ಕಂಪ್ಯೂಟರು 169.254 ಎಂದು ಶುರುವಾಗುವ ವಿಳಾಸವೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಅದು ಕಂಡರೆ ವಿಳಾಸ ಕೊಡುವವರು ಸಿಕ್ಕಿಲ್ಲ ಎಂದು ತಿಳಿಯಿರಿ.

ಇಲ್ಲಿನ ದೌರ್ಬಲ್ಯ ಎದ್ದು ಕಾಣುತ್ತದೆ. ‘ನಾನಿದ್ದೇನೆ’ ಎಂದವರನ್ನೆಲ್ಲ ಮೊಬೈಲು ನಂಬುತ್ತದೆ. ಹಾಸ್ಟೆಲಿನ ಹುಡುಗನೊಬ್ಬ ಮನೆಯ ಹಳೆಯ ವೈಫೈ ಪೆಟ್ಟಿಗೆ ತಂದು, ಗೋಡೆಯ ಕೇಬಲನ್ನು ಅದರ ತಪ್ಪು ತೂತಿಗೆ ಚುಚ್ಚಿದನೆನ್ನಿ. ಆ ಪೆಟ್ಟಿಗೆ ಇಡೀ ಕಟ್ಟಡಕ್ಕೆ ವಿಳಾಸ ಹಂಚತೊಡಗುತ್ತದೆ, ‘ಬಾಗಿಲು ನಾನೇ’ ಎನ್ನುತ್ತದೆ. ಅರ್ಧ ಗಂಟೆಯಲ್ಲಿ ಕೆಲವರಿಗೆ ಇಂಟರ್ನೆಟ್ ಇದೆ, ಕೆಲವರಿಗಿಲ್ಲ, ಕಾರಣ ಯಾರಿಗೂ ತಿಳಿಯದು. ದುರುದ್ದೇಶವೇ ಇಲ್ಲದ ಅನಾಹುತ. ಅದಕ್ಕೇ ಒಳ್ಳೆಯ ಸ್ವಿಚ್ಚುಗಳಲ್ಲಿ, ಅಂದರೆ ಕಟ್ಟಡದ ಕೇಬಲುಗಳನ್ನು ಕೂಡಿಸುವ ಪೆಟ್ಟಿಗೆಗಳಲ್ಲಿ, ವಿಳಾಸದ ಉತ್ತರ ಈ ಒಂದು ತೂತಿನಿಂದ ಬಂದರೆ ಮಾತ್ರ ಬಿಡು, ಬೇರೆಡೆಯಿಂದ ಬಂದರೆ ಎಸೆ ಎಂದು ಹೇಳಿಡುತ್ತಾರೆ.

ಸ್ವಿಚ್ಚುಗಳ ನೆರೆಹೊರೆ

ಮೂಡುಬಿದಿರೆ ಬಳಿಯ ಮಿಜಾರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಂಥ ಕ್ಯಾಂಪಸ್ ಎಂದರೆ ತರಗತಿಯ ಕಟ್ಟಡ, ಲ್ಯಾಬು, ಗ್ರಂಥಾಲಯ, ಹಾಸ್ಟೆಲು. ಮಹಡಿಗೊಂದೊಂದು ಸ್ವಿಚ್ಚು, ಪ್ರತಿಯೊಂದಕ್ಕೂ ಇಪ್ಪತ್ತನಾಲ್ಕೋ ನಲವತ್ತೆಂಟೋ ತೂತು. ಯಾವ ತೂತಿನ ಕೇಬಲ್ ಎಲ್ಲಿಗೆ ಹೋಗುತ್ತದೆ? ಎಳೆದವನು ಚೀಟಿ ಅಂಟಿಸಿದ್ದರೆ ಪುಣ್ಯ. ಎರಡು ಮಳೆಗಾಲ ಕಳೆದರೆ ಚೀಟಿಯೂ ಉದುರಿರುತ್ತದೆ.

ಹಾಗಾಗಿ ಸ್ವಿಚ್ಚುಗಳನ್ನೇ ಕೇಳುವುದು. 1990ರ ದಶಕದಲ್ಲಿ ಸಿಸ್ಕೊ ಕಂಪನಿ ತನ್ನ ಉಪಕರಣಗಳಿಗಷ್ಟೇ ಒಂದು ಪರಿಚಯದ ಪದ್ಧತಿ ಮಾಡಿಕೊಂಡಿತ್ತು. ಎಲ್ಲ ಕಂಪನಿಗಳಿಗೂ ಹೊಂದುವ ಎಲ್‌ಎಲ್‌ಡಿಪಿ ಎಂಬ ಪದ್ಧತಿ 2005ರಲ್ಲಿ ಮಾನಕವಾಯಿತು. ಅದರ ಸರಳತೆ ಕಂಡರೆ ಆಶ್ಚರ್ಯವಾಗುತ್ತದೆ. ಪ್ರತಿ ಸ್ವಿಚ್ಚೂ ಮೂವತ್ತು ಸೆಕೆಂಡಿಗೊಮ್ಮೆ ತನ್ನ ಪ್ರತಿ ತೂತಿನಿಂದ ಒಂದು ಪುಟ್ಟ ಪತ್ರ ಕಳಿಸುತ್ತದೆ. ಕಡ್ಡಾಯವಾಗಿ ಇರಬೇಕಾದ ವಿಷಯ ಮೂರೇ: ನಾನು ಯಾರು, ಯಾವ ತೂತಿನಿಂದ ಹೇಳುತ್ತಿದ್ದೇನೆ, ಈ ಮಾತನ್ನು ಎಷ್ಟು ಹೊತ್ತು ನಂಬಬಹುದು. ಉಳಿದದ್ದೆಲ್ಲ ಐಚ್ಛಿಕ. ಉದಾಹರಣೆಗೆ, ಮೇಜಿನ ಮೇಲಿನ ಇಂಟರ್ನೆಟ್ ಫೋನಿಗೆ ‘ದನಿಯ ದಾರಿ ಇದು’ ಎಂದು ಸ್ವಿಚ್ಚು ತಿಳಿಸಬಹುದು. ಗೇಟಿನ ಕ್ಯಾಮೆರಾ ತನಗೆ ಬೇಕಾದ ವಿದ್ಯುತ್ತಿನ ಲೆಕ್ಕ ಹೇಳಬಹುದು. ಈ ಪತ್ರವನ್ನು ಪಡೆದ ಸ್ವಿಚ್ಚು ಅದನ್ನು ಮುಂದಕ್ಕೆ ದಾಟಿಸುವುದಿಲ್ಲ. ಅದಕ್ಕೆಂದೇ ಕಾದಿರಿಸಿದ ವಿಳಾಸಕ್ಕೆ ಅದು ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಕೇಬಲಿನ ಆ ತುದಿಯಲ್ಲಿ ಇರುವವರಿಗೆ ಬಿಟ್ಟರೆ ಯಾರಿಗೂ ತಿಳಿಯದು. ಪ್ರತಿಯೊಬ್ಬರಿಗೂ ತನ್ನ ನೆರೆಯವರಷ್ಟೇ ಗೊತ್ತು. ಒಬ್ಬೊಬ್ಬರನ್ನೂ ‘ನಿನ್ನ ನೆರೆಯವರು ಯಾರು’ ಎಂದು ಕೇಳಿಕೊಂಡು ಹೋದರೆ ಇಡೀ ಕ್ಯಾಂಪಸ್ಸಿನ ನಕ್ಷೆ ಬರೆಯಬಹುದು.

ಮೂರನೆಯ ವಿಷಯವೇ ನನ್ನ ಮಟ್ಟಿಗೆ ಈ ಅಧ್ಯಾಯದ ತಿರುಳು. ಸಾಮಾನ್ಯವಾಗಿ ಕೊಡುವ ಗಡುವು 120 ಸೆಕೆಂಡ್, ಅಂದರೆ ನಾಲ್ಕು ಪತ್ರಗಳ ಕಾಲ. ಅಷ್ಟರಲ್ಲಿ ಹೊಸ ಪತ್ರ ಬರದಿದ್ದರೆ ಕೇಳಿದವನು ಆ ನೆರೆಯವನನ್ನು ಪಟ್ಟಿಯಿಂದ ಅಳಿಸುತ್ತಾನೆ. ಒಂದೆರಡು ಪತ್ರ ದಾರಿಯಲ್ಲಿ ಕಳೆದುಹೋದರೂ ಚಿಂತೆಯಿಲ್ಲ. ಕೇಬಲ್ ಬದಲಿಸಿದರೆ ಯಾರಿಗೂ ಹೇಳಬೇಕಿಲ್ಲ. ಹೇಳಿದ್ದನ್ನೇ ಹೇಳುವುದು ಮತ್ತು ಕೇಳಿದ್ದನ್ನು ಗಡುವಿಗೆ ಮರೆಯುವುದು, ಈ ಎರಡು ಚಾಳಿಗಳಿಂದಲೇ ಜಾಲ ತನ್ನಷ್ಟಕ್ಕೆ ಸರಿಹೋಗುತ್ತದೆ. ಮೊಬೈಲಿನ ಗೇಣಿಯಲ್ಲಿ ಕಂಡದ್ದೂ ಇದೇ ಗಡುವು.

ಗಡುವು ಇಲ್ಲದ, ಯಜಮಾನ ಯಾರೆಂಬ ನಿಯಮವೂ ಸಡಿಲವಾದ ಪದ್ಧತಿ ಏನು ಮಾಡೀತೆಂಬುದಕ್ಕೆ ಸಿಸ್ಕೊದ ವಿಟಿಪಿ ಸಾಕ್ಷಿ. ಒಂದು ಸ್ವಿಚ್ಚಿನಲ್ಲಿ ಜಾಲದ ವಿಭಾಗಗಳನ್ನು ಬರೆದಿಟ್ಟರೆ ಉಳಿದವು ಅದನ್ನು ನಕಲು ಮಾಡಿಕೊಳ್ಳಲಿ ಎಂಬುದು ಉದ್ದೇಶ. ಪ್ರತಿ ಬದಲಾವಣೆಗೂ ಎಣಿಕೆ ಏರುತ್ತದೆ. ದೊಡ್ಡ ಎಣಿಕೆ ಯಾರ ಬಳಿ ಇದೆಯೋ ಅವರದ್ದೇ ಸರಿ. ಲ್ಯಾಬಿನಲ್ಲಿ ಪ್ರಯೋಗಕ್ಕೆ ಬಳಸಿ ಬಳಸಿ ಎಣಿಕೆ ಏರಿಸಿಕೊಂಡ, ಅದೇ ಗುಂಪಿನ ಹೆಸರು ಹೊತ್ತ ಹಳೆಯ ಸ್ವಿಚ್ಚೊಂದನ್ನು ಯಾರಾದರೂ ಮುಖ್ಯ ಜಾಲಕ್ಕೆ ಚುಚ್ಚಿದರೆ ಮುಗಿಯಿತು. ಎಲ್ಲ ಸ್ವಿಚ್ಚುಗಳೂ ತಮ್ಮ ಪಟ್ಟಿ ಅಳಿಸಿ ಅದರ ಪಟ್ಟಿ ಬರೆದುಕೊಳ್ಳುತ್ತವೆ, ಇಡೀ ಕಟ್ಟಡ ಸ್ತಬ್ಧ. ಮೂರನೆಯ ಆವೃತ್ತಿಯಲ್ಲಿ, ಯಜಮಾನನೆಂದು ನೇಮಿಸಿದ ಸ್ವಿಚ್ಚು ಮಾತ್ರ ಬದಲಿಸಬಹುದು ಎಂದು ತಿದ್ದಿದರು. ಫೈಬರ್ ಪೆಟ್ಟಿಗೆಯ ಎಣಿಕೆಯಲ್ಲಿ ಈ ತೊಂದರೆ ಬಾರದ್ದು, ಅಲ್ಲಿ ಎಣಿಕೆ ಹೇಳುವುದು ‘ತಾಳೆಯಾಗಿಲ್ಲ’ ಎಂಬುದನ್ನಷ್ಟೇ ಆದ್ದರಿಂದ. ಯಾರ ಮಾತು ನಡೆಯಬೇಕೆಂಬುದು ಮೊದಲೇ ತೀರ್ಮಾನವಾಗಿದೆ.

ಹೋದದ್ದು ಹೇಗೆ?

ಗಡುವಿಗೆ ಕಾಯುವುದರಲ್ಲಿ ಒಂದು ಕೊರತೆಯಿದೆ. ನೆರೆಯವನು ಸುಮ್ಮನಾದ ಎಂದು ತಿಳಿಯುತ್ತದೆ, ಏಕೆ ಎಂದು ತಿಳಿಯದು. ಅದಕ್ಕೇ ಹೇಳಿ ಹೋಗುವ ಪದ್ಧತಿಯನ್ನೂ ಇಟ್ಟಿದ್ದಾರೆ. ಎಲ್‌ಎಲ್‌ಡಿಪಿಯಲ್ಲಿ ಹೊರಡುವವನು ಗಡುವಿನ ಜಾಗದಲ್ಲಿ ಸೊನ್ನೆ ಬರೆದು ಪತ್ರ ಕಳಿಸುತ್ತಾನೆ. ಫೈಬರ್ ಪೆಟ್ಟಿಗೆಯದ್ದು ಇನ್ನೂ ಜಾಣತನ. ಕರೆಂಟು ಹೋದ ಕ್ಷಣ ಒಳಗಿನ ಕೆಪಾಸಿಟರಿನಲ್ಲಿ ಉಳಿದ ತೊಟ್ಟು ವಿದ್ಯುತ್ತಿನಲ್ಲೇ ‘ನನಗೆ ವಿದ್ಯುತ್ ಹೋಯಿತು’ ಎಂದು ಒಂದು ಮಾತು ಮೇಲಕ್ಕೆ ಕಳಿಸಿ ಆರಿಹೋಗುತ್ತದೆ. ‘ಡೈಯಿಂಗ್ ಗ್ಯಾಸ್ಪ್’ ಎಂದೇ ಅದರ ತಾಂತ್ರಿಕ ಹೆಸರು.

ಎಕ್ಸ್‌ಚೇಂಜಿನಲ್ಲಿ ಕೂತವರಿಗೆ ಇದರಿಂದ ಬಹಳ ಉಪಕಾರ. ನಲವತ್ತು ಪೆಟ್ಟಿಗೆಗಳು ಕೊನೆಯ ಮಾತು ಹೇಳಿ ಆರಿದರೆ ಅದು ಮೆಸ್ಕಾಂ ಕೆಲಸ, ಯಾರೂ ಹೊರಡಬೇಕಿಲ್ಲ. ಒಂದೂ ಮಾತಿಲ್ಲದೆ ನಲವತ್ತೂ ಒಮ್ಮೆಲೇ ಮಾಯವಾದರೆ ಗಾಜೇ ತುಂಡಾಗಿದೆ. ಆಗ ಮನೆಗಳಲ್ಲಿ ಕರೆಂಟು ಇರುತ್ತದೆ, ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿರುತ್ತದೆ. ಬಂಟ್ವಾಳದಿಂದ ಚಾರ್ಮಾಡಿಯವರೆಗೆ ಹೆದ್ದಾರಿ ಅಗಲಗೊಳಿಸುವ ಕಾಲದಲ್ಲಿ ಜೇಸಿಬಿಯ ಹಲ್ಲಿಗೆ ಕೇಬಲ್ ಸಿಗುವುದು ಹೊಸತಲ್ಲ. ತುಂಡಾದ ಜಾಗ ಹುಡುಕಲೂ ತಡೆಗಾಲದ ಲೆಕ್ಕವೇ ಸಾಕು: ಎಳೆಯೊಳಗೆ ಬೆಳಕಿನ ಒಂದು ಮಿಡಿತ ಬಿಟ್ಟು, ತುಂಡಾದಲ್ಲಿಂದ ಅದು ಪ್ರತಿಫಲಿಸಿ ಬರುವ ಹೊತ್ತನ್ನು ಒಟಿಡಿಆರ್ ಎಂಬ ಉಪಕರಣ ಅಳೆಯುತ್ತದೆ. 64 ಮೈಕ್ರೊಸೆಕೆಂಡಿಗೆ ಹಿಂದಿರುಗಿದರೆ ಜಾಗ 6.4 ಕಿಲೋಮೀಟರ್ ದೂರದಲ್ಲಿದೆ. ಅದು ಕೇಬಲಿನ ಉದ್ದ, ರಸ್ತೆಯದ್ದಲ್ಲ. ಕಂಬಕಂಬದಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲನ್ನು ಕಳೆದು, ಉಳಿದದ್ದನ್ನು ಬೈಕಿನಲ್ಲಿ ಹೋಗಿ ಕಣ್ಣಿನಲ್ಲೇ ಹುಡುಕಬೇಕು.